ಸೊನ್ನೆ ಬಿಲ್ಲಿನ ಮನೆಗೆ ಸೂರ್ಯ ಬಂದ

ನಮ್ಮ ಮನೆಗೆ ಈಗ ಇಬ್ಬರು ದಾನಶೂರರು. ರಾಜ್ಯ ಸರ್ಕಾರವು 2023ರಲ್ಲಿ ಗೃಹಜ್ಯೋತಿಯನ್ನು ಹೊತ್ತಿಸಿ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತವೆಂದಿತು. ಮರುವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ತಾರಸಿಯ ಮೇಲೆ ಸೋಲಾರ್ ಫಲಕ ಹಾಕಿಸುವ ಸೂರ್ಯಘರ್ ಯೋಜನೆಯನ್ನು ಘೋಷಿಸಿ 300 ಯೂನಿಟ್ ಉಚಿತವೆಂದಿತು. ಎರಡನ್ನೂ ಕೂಡಿಸಿದ ನನ್ನಾಕೆ, ಉಳಿಯುವ ಕರೆಂಟನ್ನು ತವರಿಗೆ ಕಳುಹಿಸಲು ಸಾಧ್ಯವೇ ಎಂದು ವಿಚಾರಿಸಿದಳು.

ಸಾಧ್ಯವಿಲ್ಲ, ಏಕೆಂದರೆ ಎರಡನೆಯ ಉಚಿತವನ್ನು ಮೊದಲು ದುಡ್ಡು ಕೊಟ್ಟು ಕೊಳ್ಳಬೇಕು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿಯ ಸಹಾಯಧನ ಸುಳ್ಳಲ್ಲ. ಆದರೆ ಫಲಕಗಳು ತಾರಸಿ ಏರಿ, ಹೋಗುವ ಬರುವ ಕರೆಂಟನ್ನೆಲ್ಲ ಅಳೆಯುವ ನೆಟ್ ಮೀಟರ್ ಗೋಡೆಗೆ ಬಂದು, ಪರಿಶೀಲನೆ ಮುಗಿದ ಮೇಲಷ್ಟೇ ಅದು ಖಾತೆಗೆ ಬೀಳುತ್ತದೆ. ಮಿಕ್ಕ ಹಣವನ್ನು ಕೈಯಿಂದ ಹಾಕಬೇಕು, ಇಲ್ಲವೇ ಬ್ಯಾಂಕಿನ ಸಾಲದಲ್ಲಿ ಕಂತು ಕಟ್ಟಬೇಕು. ಬಿಸಿಲಿಗೂ ಕಂತು ಕಟ್ಟುವ ಕಾಲ ಬಂದೀತೆಂದು ನಮ್ಮಜ್ಜ ಸಂಡಿಗೆ ಕಾಯುತ್ತ ಕೂತಾಗ ಎಣಿಸಿರಲಿಲ್ಲ.

ಆದರೂ ಆಸೆಪಟ್ಟು ಸೋಲಾರ್ ಮಾರುವ ಹುಡುಗನೊಬ್ಬನನ್ನು ಕರೆಸಿದೆ. ಅವನು ಕಾಫಿ ಕುಡಿದು, ತಾರಸಿ ಅಳೆದು, ಕ್ಯಾಲ್ಕುಲೇಟರ್ ತೆಗೆದು ಕೇಳಿದ: "ತಿಂಗಳಿಗೆ ಬಿಲ್ ಎಷ್ಟು ಬರುತ್ತೆ ಸಾರ್?"

"ಸೊನ್ನೆ."

ಅವನು ಕ್ಯಾಲ್ಕುಲೇಟರನ್ನು ಜೇಬಿಗಿಳಿಸಿದ. "ಸೊನ್ನೆಯಿಂದ ಕಮ್ಮಿ ಮಾಡೋ ಸ್ಕೀಮು ನಮ್ಮಲ್ಲಿಲ್ಲ ಸಾರ್. ಇನ್ನೂರು ಯೂನಿಟ್ ದಾಟಿಸಿ, ಆಮೇಲೆ ಫೋನ್ ಮಾಡಿ."

ಅವನ ಮಾತಿನಲ್ಲಿ ತಪ್ಪಿಲ್ಲ. 200 ದಾಟಿದರೆ ಪೂರ್ತಿ ಬಿಲ್ಲು ತೆರಬೇಕಾದ್ದರಿಂದ, ಸೂರ್ಯನಿಂದ ನಿಜವಾಗಿ ಹಣ ಉಳಿಯುವುದು ಕೋಣೆಗೊಂದು ಏಸಿ ಇರುವ ಸ್ವಂತ ತಾರಸಿಯವರಿಗೆ. ಬಾಡಿಗೆಯವರಿಗಂತೂ ತಾರಸಿಯ ಮೇಲಿರುವ ಹಕ್ಕು ಬಟ್ಟೆ ಒಣಹಾಕುವಷ್ಟೇ, ಅದೂ ಮಾಲೀಕರ ಮನೆಯ ಹಪ್ಪಳವಿಲ್ಲದ ದಿನ.

ನನ್ನ ಸಂಕಟದ ಮೂಲ ಬೇರೆಯೇ ಇದೆ. ಬಹಳ ಹಿಂದೆಯೇ ನಾನು ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿದವನು. ಆ ಸದಾಚಾರಕ್ಕಾಗಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿಯನ್ನು ಬಿಲ್ಲಿನಲ್ಲಿ ಬೆರಳಿಟ್ಟು ನೋಡಿ ಹಿಗ್ಗಿದವನು. ಹೀಗೆ ಸೂರ್ಯನನ್ನು ನಂಬಿದ್ದರಿಂದ 2022–23ರಲ್ಲಿ ನಮ್ಮ ಸರಾಸರಿ ಬಳಕೆ 62 ಯೂನಿಟ್ ದಾಟಲಿಲ್ಲ. ಪಕ್ಕದ ಮನೆಯ ರಾಯರು ಬೆಳಗಿನ ಐದಕ್ಕೆ ಗೀಸರ್ ಹಾಕಿ ಏಳಕ್ಕೆ ಸ್ನಾನಕ್ಕಿಳಿಯುತ್ತಿದ್ದರಾಗಿ ಅವರದು 170 ಮುಟ್ಟಿತ್ತು. ಗೃಹಜ್ಯೋತಿಯು ಅದೇ ವರ್ಷದ ಸರಾಸರಿಗೆ ಶೇಕಡ 10 ಸೇರಿಸಿ ಪ್ರತಿ ಮನೆಯ ಪಾಲನ್ನು ಗೊತ್ತುಮಾಡಿದ್ದರಿಂದ, ಮಿತವ್ಯಯಿಯಾದ ನನಗೆ 68, ರಾಯರಿಗೆ 187 ದಕ್ಕಿತು. ಹೊಸ ಮಿಕ್ಸಿ ತಂದ ತಿಂಗಳು ನಾನು ಮೂರು ಯೂನಿಟ್ ಮೀರಿ ಹಣ ಕಟ್ಟಿ ಬಂದರೆ, ರಾಯರು ಗೇಟಿನ ಬಳಿ ನಿಂತು, "ಕರೆಂಟ್ ಸ್ವಲ್ಪ ನೋಡಿಕೊಂಡು ಬಳಸಬೇಕು ಕಣ್ರೀ" ಎಂದು ಬುದ್ಧಿ ಹೇಳಿದರು.

ಈಗ ನಾನೂ ಇಪ್ಪತ್ತೈದು ಲೀಟರಿನ ಗೀಸರೊಂದನ್ನು ತಂದು ಡಬ್ಬಿಯ ಸಮೇತ ಅಟ್ಟದ ಮೇಲಿಟ್ಟಿದ್ದೇನೆ. ಮುಂದೆ ಯಾವುದಾದರೂ ಸರ್ಕಾರ ಹೊಸದಾಗಿ ಸರಾಸರಿ ತೆಗೆಯುವ ಸುಳಿವು ಸಿಕ್ಕ ಕೂಡಲೇ ಅದನ್ನು ಗೋಡೆಗೇರಿಸುವುದೆಂದು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ.