ಕಾಲುವೆ ಬೇರೆ, ವೇಂಬನಾಡು ಬೇರೆ

ಕೇರಳದ ಅಲೆಪ್ಪಿಯ ಹೌಸ್‌ಬೋಟ್ ಪ್ರವಾಸದ ಬಗ್ಗೆ ಒಂದು ಲೇಖನ ಓದಿದೆ. ಮಳೆಗಾಲದಲ್ಲೇ ಹೋಗಿ, ದೋಣಿ ಬಾಡಿಗೆಯೂ ಕಮ್ಮಿ ಜನವೂ ಕಮ್ಮಿ ಅಂತ ಲೇಖಕರು ಬರೆದಿದ್ದಾರೆ. ಅಲ್ಲಿನ ಭತ್ತದ ಸೀಮೆ ಕುಟ್ಟನಾಡಿನ ಹಸಿರು ನೋಡೋಕೆ ಅದು ಒಳ್ಳೆ ಕಾಲವೇ. ಆದರೆ ಬಿರುಗಾಳಿಯ ವಿಷಯ ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರವಾಯಿತು.

ಕಿರಿದಾದ ಕಾಲುವೆಯೊಳಗೆ ಇರುವಷ್ಟು ಹೊತ್ತು ಎರಡೂ ದಂಡೆಯ ತೆಂಗಿನ ಸಾಲು ಗಾಳಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅಲ್ಲಿನ ಕಷ್ಟ ಬೇರೆ. ಇಂಜಿನ್ ತೀರಾ ನಿಧಾನ ಮಾಡಿದರೆ ಚುಕ್ಕಾಣಿ ಮಾತು ಕೇಳಲ್ಲ, ಜೋರು ಮಾಡಿದರೆ ಅಲೆ ಬಡಿದು ದಂಡೆಯ ಮಣ್ಣು ಕೊರೆಯುತ್ತದೆ. ಆ ದಂಡೆಯ ಆಚೆಗೇ ಸಮುದ್ರಮಟ್ಟಕ್ಕಿಂತ ತಗ್ಗಿನ ಭತ್ತದ ಗದ್ದೆಗಳಿವೆ! ನೀರಿನ ಮೇಲೆ ಹಬ್ಬಿದ ಕಳೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರಂತೂ ಇಂಜಿನ್ ನಿಲ್ಲಿಸಿ, ಒಬ್ಬರು ಗಳ ಊರಿ ದೋಣಿ ಹಿಡಿದುಕೊಂಡು, ಇನ್ನೊಬ್ಬರು ಕೈಯಿಂದಲೇ ಬಿಡಿಸಬೇಕು.

ಕಾಲುವೆ ವೇಂಬನಾಡು ಸರೋವರಕ್ಕೆ ತೆರೆದುಕೊಳ್ಳುವ ಬಾಯಲ್ಲಿ ಲೆಕ್ಕವೇ ಬದಲು. ಹೌಸ್‌ಬೋಟಿನ ತಳ ಚಪ್ಪಟೆ, ಚಾವಣಿ ಎತ್ತರ. ಪಕ್ಕದಿಂದ ಹೊಡೆಯುವ ಗಾಳಿಗೆ ಅದು ಹಾಯಿ ಇದ್ದ ಹಾಗೆ. ಆಳವಿಲ್ಲದ ನೀರಿನಲ್ಲಿ ಅಲೆಗಳು ಒತ್ತೊತ್ತಾಗಿ ಏಳುತ್ತವೆ. 2002ರ ಜುಲೈ 27ರಂದು ಮುಹಮ್ಮ ಎಂಬ ಊರಿನಿಂದ ಕುಮರಕಂಗೆ ಹೊರಟ ದೋಣಿ ಮುಳುಗಿ 29 ಜನ ಸತ್ತದ್ದು ಇದೇ ಸರೋವರದಲ್ಲಿ. 2009ರಲ್ಲಿ ಕೇರಳದ್ದೇ ಇನ್ನೊಂದು ಕಡೆ, ತೇಕ್ಕಡಿಯ ಜಲಾಶಯದಲ್ಲಿ, ದೋಣಿ ಮಗುಚಿ 45 ಜನ ಹೋದರು. ಕಾಡುಪ್ರಾಣಿ ಕಂಡಿತೆಂದು ಪ್ರಯಾಣಿಕರು ಒಂದೇ ಬದಿಗೆ ನುಗ್ಗಿದ್ದರು ಅಂತ ಆಗ ವರದಿಯಾಗಿತ್ತು.

ಹಾಗಾಗಿ ಲೇಖನಕ್ಕೆ ಇಷ್ಟಾದರೂ ಸೇರಿಸಿ: ಸರೋವರಕ್ಕಿಳಿಯುವ ಮೊದಲೇ ಲೈಫ್ ಜಾಕೆಟ್ ತೊಟ್ಟು ಕಟ್ಟಿಕೊಳ್ಳಬೇಕು, ಮಕ್ಕಳ ಅಳತೆಯದು ಇದೆಯೇ ಅಂತ ಹತ್ತುವಾಗಲೇ ನೋಡಬೇಕು. ಮೋಡ ಕಟ್ಟಿದಾಗ ದೋಣಿಯವರು ಕಾಲುವೆಯಲ್ಲೇ ಕಟ್ಟಿ ನಿಲ್ಲಿಸುತ್ತೇವೆ ಅಂದರೆ, ದುಡ್ಡು ಕೊಟ್ಟಿದ್ದೇವೆ ನಡೀರಿ ಅಂತ ದಯವಿಟ್ಟು ಯಾರೂ ಒತ್ತಾಯ ಮಾಡಬೇಡಿ.