ತೆಂಗಿನಕಾಯಿ ಉಳಿಸಿದ ಎಣ್ಣೆ

ಕೈಲ್‌ಪೊಳ್ದ್, ಅಂದರೆ ಕೊಡವರು ಕೋವಿಗೆ ಪೂಜೆ ಮಾಡುವ ಹಬ್ಬ, ಮುಗಿದು ವಾರ ಆಯಿತು. ನಮ್ಮ ಮಾವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ನನ್ನದು ಮೈಸೂರು, ಹೆಣ್ಣು ಕೊಟ್ಟ ಮನೆ ಮಡಿಕೇರಿ ಹತ್ತಿರ. ಅಲ್ಲಿ ಜೂನ್‌ನಲ್ಲಿ ಶುರುವಾದ ಮಳೆ ಸೆಪ್ಟೆಂಬರ್ ಬಂದರೂ ಹೋಗುವ ಮಾತಾಡಲ್ಲ. ಬೆಲ್ಟಿಗೆ ಬೂಸಲು, ಚಪ್ಪಲಿಗೆ ಬೂಸಲು, ಕೋವಿಗೆ ತುಕ್ಕು. ಕೊಡವರ ಕೋವಿಗೆ 1963ರಿಂದ ಲೈಸೆನ್ಸಿನ ವಿನಾಯಿತಿ ಇದೆ, ಈಗ 2029ರ ತನಕ ಮುಂದುವರಿಸಿದ್ದಾರೆ. ಸರ್ಕಾರ ವಿನಾಯಿತಿ ಕೊಟ್ಟರೇನು, ಮಳೆ ಕೊಡಬೇಕಲ್ಲ!

ಹಾಗಾಗಿ ಮಾವನ ಹೆಗಲ ಮೇಲೆ ಯಾವಾಗಲೂ ಒಂದು ಹಳೇ ಬನಿಯನ್ ತುಂಡು. ಯಾರಾದರೂ ಕೋವಿ ಮುಟ್ಟಿದರೆ ಸಾಕು, ಹಿಂದೆಯೇ ಬಂದು ಒರೆಸುತ್ತಾರೆ. ನೆಂಟರು ಮುಟ್ಟಿದರೆ ನಗುತ್ತಾ ಒರೆಸುತ್ತಾರೆ, ನಾನು ಮುಟ್ಟಿದರೆ ಎರಡು ಸಲ. ಒಮ್ಮೆ ನಾನು ಸುಮ್ನೆ ಹತ್ತಿರ ನಿಂತಿದ್ದಕ್ಕೂ ಒರೆಸಿದರು. "ಬೆವರಲ್ಲಿ ಉಪ್ಪಿರುತ್ತೆ. ನಿಮ್ಮ ಕೈ ಸ್ವಲ್ಪ ಜಾಸ್ತಿನೇ ಬೆವರುತ್ತೆ" ಅಂದರು. ಮದುವೆಗೆ ಮುಂಚೆ ಜಾತಕ ನೋಡಿದ್ದರು, ಅಂಗೈ ನೋಡಿರಲಿಲ್ಲ ಅನ್ನಿಸುತ್ತೆ. ನಳಿಗೆಯ ಮೇಲಿನ ಆ ಕಪ್ಪು-ನೀಲಿ ಮಿನುಗು ಇದೆಯಲ್ಲ, ಬ್ಲೂಯಿಂಗ್, ಅದೂ ಬೇಕಂತಲೇ ಬರಿಸಿದ ಒಂಥರಾ ತುಕ್ಕೇ ಅಂತೆ. ಕೆಂಪು ತುಕ್ಕು ಬರದಿರಲಿ ಅಂತ ಕಪ್ಪು ತುಕ್ಕು. ಆದರೆ ಅದು ತೀರಾ ತೆಳು, ಮೇಲೆ ಎಣ್ಣೆ ಇಲ್ಲದಿದ್ದರೆ ನಿಲ್ಲಲ್ಲ.

ಹಬ್ಬದ ಹಿಂದಿನ ರಾತ್ರಿ, ಮಾರನೇ ದಿನದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ, ಪಾಯಿಂಟ್ ಟೂ ಟೂ ರೈಫಲ್ಲಿನ ಖಾಲಿ ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ಒರೆಸುವ ಕೆಲಸ ನನಗೆ ಸಿಕ್ಕಿತು. ಎಂಥಾ ಗೌರವ! ಹೊಲಿಗೆ ಮೆಷಿನ್ ಎಣ್ಣೆ ಖಾಲಿ. ಮಾವನನ್ನು ಎಬ್ಬಿಸೋದು ಬೇಡ ಅಂತ ಬಚ್ಚಲುಮನೆಯ ತೆಂಗಿನೆಣ್ಣೆ ತಂದು, ಒಳಗಿನ ಸ್ಪ್ರಿಂಗಿಗೆಲ್ಲ ಮಗುವಿಗೆ ಅಭ್ಯಂಜನ ಮಾಡಿಸಿದ ಹಾಗೆ ಧಾರಾಳವಾಗಿ ಸುರಿದೆ.

ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ತಲೆಗೆ ಹಚ್ಚುವಾಗ ಗೊತ್ತಿರುವ ವಿಷಯ, ಕೋವಿ ಎದುರಿಗಿದ್ದಾಗ ನೆನಪಾಗಲ್ಲ.

ಬೆಳಿಗ್ಗೆ ಕೋವಿಗಳಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜೆ ಆಯಿತು. ಕಡಂಬುಟ್ಟು, ಪಂದಿ ಕರಿ ಹೊಟ್ಟೆಗೆ ಇಳಿಯಿತು. ಮಂಜು ಮುಸುಕಿದ ಮೈದಾನದಲ್ಲಿ ಮಾವ ಗುರಿ ಇಟ್ಟರು. ಮೊದಲ ಗುಂಡು ಕಾಯಿಯ ಪಕ್ಕದಲ್ಲಿ ಹೋಯಿತು. ಅವರು ಯಾವಾಗಲೂ ಎರಡನೆಯದರಲ್ಲಿ ಹೊಡೆಯೋದು. ಬೋಲ್ಟ್ ಎಳೆದರು, ತಳ್ಳಿದರು, ಟ್ರಿಗರ್ ಒತ್ತಿದರು. ಟಿಕ್. ಮತ್ತೆ ಎಳೆದರು. ಟಿಕ್. ಮೈದಾನವೆಲ್ಲ ಸುಮ್ಮನಾಯಿತು. ಮ್ಯಾಗಜಿನ್ ಕಳಚಿ ನೋಡಿದರೆ ಬಿಳೀ ಬೆಣ್ಣೆ! ಸ್ಪ್ರಿಂಗ್ ಅದರಲ್ಲಿ ಹೂತುಹೋಗಿ, ತೋಟೆ ಮೇಲೇಳದೆ ಬೆಚ್ಚಗೆ ಮಲಗಿತ್ತು. ಮಾವ ಬೆರಳಲ್ಲಿ ತೆಗೆದು ಮೂಸಿದರು. ಆಮೇಲೆ ನನ್ನ ತಲೆ ನೋಡಿದರು.

ತೆಂಗಿನಕಾಯಿಯನ್ನು ಅದರ ಎಣ್ಣೆಯೇ ಕಾಪಾಡಿತು ಅಂತ ಯಾರೋ ಹಿಂದಿನಿಂದ ಕೂಗಿದರು. ಈಗ ಅದು ಊರಿಗೆಲ್ಲ ಗೊತ್ತು.

"ಮ್ಯಾಗಜಿನ್ ಒಳಗೆ ಒಣಗಿರಬೇಕು, ಎಣ್ಣೆ ಹೊರಗೆ" ಅಂತ ಸಂಜೆ ಮಾವ ಹೇಳಿದರು. ಹೋದ ವರ್ಷವೇ ಹೇಳಬಹುದಿತ್ತು ಅಲ್ವಾ?

ಆಮೇಲೆ ಅಜ್ಜನ ಜೋಡು ನಳಿಗೆ ಕೋವಿ ಒರೆಸಲು ಕೂತರು. ಅದರಲ್ಲೊಂದು ಜಾಗದಲ್ಲಿ ಕಪ್ಪು ಪೂರ್ತಿ ಹೋಗಿ ಬೆಳ್ಳಿಯ ಹಾಗೆ ಹೊಳೆಯುತ್ತೆ, ಮೂರು ತಲೆಮಾರಿನವರು ಕೈ ಹಿಡಿದ ಜಾಗ. ಪಾಲಿಶ್ ಮಾಡಿಸಿ ಹೊಸ ಬ್ಲೂಯಿಂಗ್ ಹಾಕಿಸೋಣ ಅಂದೆ. ಬೇಡ ಅಂದರು. ಅಲ್ಲಿ ಮಾತ್ರ ಬನಿಯನ್ ತುಂಡು ಬಿಟ್ಟು ಬರಿಗೈಯಲ್ಲೇ ಸವರಿದರು. ನಾನೂ ಮೆಲ್ಲಗೆ ಕೈ ಚಾಚಿದೆ.

ಬನಿಯನ್ ತುಂಡು ಮತ್ತೆ ಬಂತು.