18ಕ್ಕೇ ಕ್ಯಾಪ್ಟನ್? ಆ ಮೆಸೇಜು ಅರ್ಧ ಸತ್ಯ

'ಎಸ್ಸೆಸ್ಸೆಲ್ಸಿ ಮುಗಿಸಿದರೆ ಸಾಕು, 16ಕ್ಕೆ ಪೈಲಟ್ ಲೈಸೆನ್ಸ್, 18ಕ್ಕೆ ಏರ್‌ಲೈನ್ ಕ್ಯಾಪ್ಟನ್' ಎಂಬ ವಾಟ್ಸಾಪ್ ಸಂದೇಶ ಚಿಕ್ಕಬಳ್ಳಾಪುರದ ಪಿಯು ಪೋಷಕರ ಗುಂಪುಗಳಲ್ಲಿ ಓಡಾಡುತ್ತಿದೆ.

16ಕ್ಕೆ ಸಿಗುವುದು ಸ್ಟೂಡೆಂಟ್ ಪೈಲಟ್ ಲೈಸೆನ್ಸ್, ಅಂದರೆ ಕಲಿಯುವ ಅನುಮತಿ ಅಷ್ಟೇ. 17ಕ್ಕೆ ಪ್ರೈವೇಟ್ ಲೈಸೆನ್ಸ್. ಅದರಲ್ಲಿ ಸಂಬಳಕ್ಕೆ ಹಾರಿಸುವಂತಿಲ್ಲ. 18 ಎನ್ನುವುದು ಕಮರ್ಷಿಯಲ್ ಲೈಸೆನ್ಸಿನ ಕನಿಷ್ಠ ವಯಸ್ಸು. ಅದು ಕೈಗೆ ಬಂದರೂ ಏರ್‌ಬಸ್ 320ರಂಥ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಪ್ರತ್ಯೇಕ ಅರ್ಹತೆ ಬೇಕು, ಕೂರುವುದೂ ಬಲಗಡೆಯ ಸಹಪೈಲಟ್ ಸೀಟಿನಲ್ಲಿ. ಕ್ಯಾಪ್ಟನ್ ಕೂರುವ ಎಡಗಡೆಗೆ ಬೇಕಾದ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ 21 ವರ್ಷ, 1500 ಗಂಟೆ ಹಾರಾಟ.

ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಇದರಲ್ಲಿ 100 ಗಂಟೆ ವಿಮಾನದ ಹೊಣೆ ನಿಮ್ಮದೇ ಇರಬೇಕು. ಕನಿಷ್ಠ 300 ನಾಟಿಕಲ್ ಮೈಲಿ, ಅಂದರೆ ಸುಮಾರು 556 ಕಿಲೋಮೀಟರಿನ ಒಂದು ದೂರದ ಹಾರಾಟ. ನಡುವೆ ಬೇರೆ ಎರಡು ವಿಮಾನ ನೆಲೆಗಳಲ್ಲಿ ಪೂರ್ತಿ ಇಳಿದು ನಿಲ್ಲಿಸಬೇಕು. ಮಳೆಗಾಲದ ಮೋಡ ಗಂಟೆಗಳನ್ನು ತಿನ್ನುತ್ತದೆ, ಹಾಗಾಗಿ ಕ್ಯಾಲೆಂಡರ್ ಹಾಕಿ ಲೆಕ್ಕ ಕೊಡುವವರನ್ನು ನಂಬಬೇಡಿ. ಥಿಯರಿ ಪರೀಕ್ಷೆ ಪಾಸಾಗಲು ಶೇ. 70 ಬೇಕು, ಶಾಲೆಯಲ್ಲಿ ಕಡಿಮೆ ಅಂಕಕ್ಕೆ ಪಾಸಾಗುವ ಅಭ್ಯಾಸ ಇಲ್ಲಿ ನಡೆಯದು.

ಬೆಂಗಳೂರಿನ ಜಕ್ಕೂರಿನ ವಿಮಾನ ತರಬೇತಿ ಶಾಲೆಯಾಗಲಿ ಬೇರೆಡೆಯದಾಗಲಿ, ಫೀಸು ಕಟ್ಟುವ ಮೊದಲು ವೈದ್ಯಕೀಯ ತಪಾಸಣೆ ಮಾಡಿಸಿ. ಕನ್ನಡಕ ಅಡ್ಡಿಯಲ್ಲ, ಬಣ್ಣ ಗುರುತಿಸುವ ದೋಷವಿದ್ದರೆ ತೊಡಕು. ಥಿಯರಿ ಪರೀಕ್ಷೆಗೆ ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಡುವ ಕಂಪ್ಯೂಟರ್ ನಂಬರ್, ಅಂದರೆ ಅಭ್ಯರ್ಥಿಯ ಗುರುತಿನ ಸಂಖ್ಯೆ ಬೇಕು. ಅಂಕಪಟ್ಟಿಯಲ್ಲಿ 'ಕೆ.ಎನ್.' ಎಂಬ ಇನಿಶಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ಪಿಯು ಓದುವಾಗಲೇ ಸರಿಪಡಿಸಿಕೊಳ್ಳಿ.